ಕೊಂದವರು ಯಾರೆಂದು ಹೇಳದೆ ವಿಮರ್ಶೆ ಹೇಗೆ?

ಪ್ರಶ್ನೆ: ಪತ್ತೇದಾರಿ ಕಾದಂಬರಿಯ ವಿಮರ್ಶೆಯಲ್ಲಿ ಕೊಲೆಗಾರ ಯಾರೆಂದು ಬರೆದುಬಿಟ್ಟೆ. ಅದನ್ನು ಅರ್ಧ ಓದಿದ್ದ ವೈನಿ ಮಾತು ಬಿಟ್ಟಿದ್ದಾರೆ. ಏನು ಮಾಡಲಿ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಮೊದಲು ವೈನಿಗೆ ಹೊಸ ಪುಸ್ತಕ ಕೊಡಿಸಿ! ನಾನೂ ಒಮ್ಮೆ ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಹಳೇ ಪುಸ್ತಕ ಕೊಂಡಿದ್ದೆ. ಹನ್ನೆರಡನೇ ಪುಟದಲ್ಲೇ ಯಾರೋ ಪೆನ್ಸಿಲ್‌ನಲ್ಲಿ ‘ಡಾಕ್ಟರೇ ಕೊಂದದ್ದು’ ಅಂತ ಗೀಚಿದ್ದರು. ಆ ಸಿಟ್ಟು ಇನ್ನೂ ಇಳಿದಿಲ್ಲ. ಅಂದಿನಿಂದ ನಾನು ಹೆಣ ಸಿಕ್ಕ ಪುಟ ದಾಟಿ ಕಥೆ ಹೇಳುವುದಿಲ್ಲ. ಊರು, ಚಹಾ, ನೆರೆಹೊರೆಯ ಚಾಡಿ, ಇಷ್ಟರ ಬಗ್ಗೆ ಬರೆಯುತ್ತೇನೆ. ಊರೊಳಗೇ ನಡೆಯುವ ಈ ಬಗೆಯ ಪತ್ತೇದಾರಿ ಕಥೆಗಳಲ್ಲಿ ರಕ್ತ ಕಡಿಮೆ, ಹರಟೆಯೇ ಜಾಸ್ತಿ ಅಲ್ವಾ? ಇಂಗ್ಲಿಷ್ ಲೇಖಕಿ ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಮುದುಕಿ ಮಿಸ್ ಮಾರ್ಪಲ್ 1930ರಲ್ಲಿ ಕಾದಂಬರಿಗೆ ಬಂದವಳು. ಸ್ವೆಟರ್ ಹೆಣೆಯುತ್ತಲೇ ಎಲ್ಲರನ್ನೂ ಗಮನಿಸುತ್ತಾಳೆ, ಥೇಟ್ ನಮ್ಮ ಓಣಿಯ ಕಟ್ಟೆ ಮೇಲಿನ ಅಜ್ಜಿ! ಲೇಖಕರು ಸುಳಿವುಗಳನ್ನು ನ್ಯಾಯವಾಗಿ ಮುಂದಿಟ್ಟಿದ್ದಾರಾ ಅಂತ ಬರೆಯಿರಿ. ಸುಳಿವು ಯಾವುದು ಅಂತ ಮಾತ್ರ ಬೇಡ.