ಅಪ್ಪನ ಟ್ರಂಕು ತೆರೆಯಲು ಕೈಯೇ ಬಾರದು

ಪ್ರಶ್ನೆ: ನನ್ನ ಊರು ಹಾವೇರಿ ಜಿಲ್ಲೆಯ ಒಂದು ಹಳ್ಳಿ, ದಾವಣಗೆರೆಯಲ್ಲಿ ಶಿಕ್ಷಕನಾಗಿದ್ದೇನೆ. ತಂದೆಯವರು ತೀರಿಕೊಂಡು ಮೂರು ವರ್ಷಗಳಾದವು. ಅವರ ಹೆಸರಿನಲ್ಲಿರುವ ನಾಲ್ಕು ಎಕರೆ ಹೊಲದ ಖಾತೆ ಇನ್ನೂ ಬದಲಾಗಿಲ್ಲ. ಕಾಗದಪತ್ರಗಳೆಲ್ಲ ಅವರ ಟ್ರಂಕಿನಲ್ಲಿವೆ. ಪ್ರತಿ ರಜೆಯಲ್ಲೂ ಈ ಸಲ ಮುಗಿಸಿಯೇ ಬರುತ್ತೇನೆಂದು ಹೋಗಿ, ಅದನ್ನು ತೆರೆಯದೆಯೇ ಮರಳುತ್ತೇನೆ. ಯಾವ ಸಾಲ ಹೊರಬೀಳುವುದೋ, ಅಕ್ಕ-ತಂಗಿಯರೊಡನೆ ಮನಸ್ತಾಪವಾಗುವುದೋ, ಇಷ್ಟು ತಡ ಮಾಡಿದ್ದಕ್ಕೆ ಕಚೇರಿಯಲ್ಲಿ ಏನೆನ್ನುವರೋ ಎಂಬ ಭಯ. ಅವ್ವ ಕೇಳಿದಾಗಲೆಲ್ಲ ತಲೆ ತಗ್ಗಿಸುತ್ತೇನೆ. ನಾನು ಸೋಮಾರಿಯೇ?

ಉತ್ತರ: ನೀವು ಸೋಮಾರಿಯಲ್ಲ. ಸೋಮಾರಿಯಾದವನು ಪ್ರತಿ ರಜೆಯಲ್ಲೂ ಇದೇ ಕೆಲಸಕ್ಕೆಂದು ಊರಿಗೆ ಹೋಗುವುದಿಲ್ಲ, ಮೂರು ವರ್ಷ ಅದನ್ನೇ ನೆನೆದು ನೋಯುವುದೂ ಇಲ್ಲ. ಕೆಲಸವನ್ನು ಮುಂದೂಡುವುದರ ಬಗ್ಗೆ ಅಧ್ಯಯನ ಮಾಡಿದ ಮನೋವಿಜ್ಞಾನಿಗಳಾದ ಫ್ಯೂಶಿಯಾ ಸಿರೋಯಿಸ್ ಮತ್ತು ಟಿಮತಿ ಪಿಚಿಲ್ 2013ರ ತಮ್ಮ ಲೇಖನದಲ್ಲಿ, ಮುಂದೂಡುವವರು ತಪ್ಪಿಸಿಕೊಳ್ಳುವುದು ಕೆಲಸದಿಂದ ಎನ್ನುವುದಕ್ಕಿಂತ ಆ ಕೆಲಸ ಎಬ್ಬಿಸುವ ಭಾವನೆಯಿಂದ ಎಂದು ವಾದಿಸಿದ್ದಾರೆ. ಟ್ರಂಕಿನ ಮುಂದಿನಿಂದ ಎದ್ದು ಬಂದ ಕ್ಷಣ ನಿಮಗೆ ಹಾಯೆನಿಸುತ್ತದೆ. ಆ ನೆಮ್ಮದಿಯೇ ಮುಂದಿನ ರಜೆಯಲ್ಲೂ ನಿಮ್ಮನ್ನು ಎಬ್ಬಿಸಿ ಕಳಿಸುತ್ತದೆ. ಆದ್ದರಿಂದ ನಿಮ್ಮನ್ನು ನೀವು ಇನ್ನಷ್ಟು ಬೈದುಕೊಳ್ಳುವುದರಿಂದ ಪ್ರಯೋಜನವಿಲ್ಲ. ಭಯವನ್ನು ಬಿಡಿಸಿ ನೋಡಬೇಕು.

ನಿಮ್ಮ ಪತ್ರವನ್ನು ಓದಿದಾಗ ನನಗೆ ಮುಖ್ಯವಾಗಿ ಕಂಡದ್ದು ಇದು: ನಿಮ್ಮ ಕೈಯಲ್ಲಿರುವ ಕೆಲಸ ಪೌತಿ ಖಾತೆಯದು, ಆದರೆ ನಿಮ್ಮ ಭಯದ ದೊಡ್ಡ ಪಾಲು ಆಸ್ತಿ ವಿಭಾಗದ್ದು. ಇವೆರಡೂ ಬೇರೆ ಬೇರೆ. ಪೌತಿ ಖಾತೆಯಲ್ಲಿ ತೀರಿಕೊಂಡವರ ಹೆಸರಿದ್ದ ಜಾಗದಲ್ಲಿ ವಾರಸುದಾರರೆಲ್ಲರ ಹೆಸರುಗಳು ಜಂಟಿಯಾಗಿ ಸೇರುತ್ತವೆ. ಯಾರಿಗೆ ಎಷ್ಟು, ಯಾವ ದಿಕ್ಕಿನದು ಎಂಬ ಮಾತು ಅಲ್ಲಿ ಬರುವುದೇ ಇಲ್ಲ. ಹೊಲವನ್ನು ಹಂಚಿಕೊಳ್ಳುವುದು, ಅಳತೆ ಮಾಡಿಸುವುದು, ವಿಭಾಗ ಪತ್ರ ನೋಂದಾಯಿಸುವುದು ಎಲ್ಲವೂ ಮುಂದೆ ಎಂದಾದರೂ, ನಿಮ್ಮ ಕುಟುಂಬ ಬಯಸಿದರೆ ಮಾತ್ರ ಆಗುವ ಕೆಲಸ. ಇನ್ನೂ ಎದುರಾಗದ ಆ ಮಾತುಕತೆಗೆ ಹೆದರಿ ನೀವು ಈ ಅರ್ಜಿಯನ್ನು ತಡೆದಿದ್ದೀರಿ.

ಸಾಲದ ಭಯವನ್ನು ಟ್ರಂಕು ತೆರೆಯದೆಯೇ ಬಹುಮಟ್ಟಿಗೆ ಪರಿಹರಿಸಿಕೊಳ್ಳಬಹುದು. ಸರ್ವೆ ನಂಬರು ಅವ್ವನಿಗೋ ಹೊಲ ನೋಡಿಕೊಳ್ಳುವವರಿಗೋ ತಿಳಿದಿರುತ್ತದೆ. ಅದನ್ನು ಹಾಕಿ ರಾಜ್ಯ ಸರ್ಕಾರದ ‘ಭೂಮಿ’ ಜಾಲತಾಣದಲ್ಲಿ ಪಹಣಿಯನ್ನು, ಅಂದರೆ ಹೊಲದ ಹಕ್ಕುದಾಖಲೆಯನ್ನು ನೋಡಿ. 9ನೇ ಕಾಲಂನಲ್ಲಿ ತಂದೆಯವರ ಹೆಸರು, 11ನೇ ಕಾಲಂನಲ್ಲಿ ಇತರ ಹಕ್ಕುಗಳು ಮತ್ತು ಋಣಗಳು ಇರುತ್ತವೆ. ಹೊಲದ ಮೇಲೆ ಬ್ಯಾಂಕು ಅಥವಾ ಸಹಕಾರ ಸಂಘದ ಸಾಲವನ್ನು ದಾಖಲಿಸಿದ್ದರೆ ಅಲ್ಲಿ ಕಾಣುತ್ತದೆ. ಕೈಗಡ ಅದರಲ್ಲಿ ಕಾಣುವುದಿಲ್ಲ, ನಿಜ. ಆದರೆ ನೀವೇ ಜಾಮೀನು ನಿಲ್ಲದಿದ್ದರೆ, ತಂದೆಯ ಸಾಲಕ್ಕೆ ನಿಮ್ಮ ಹೊಣೆ ಅವರಿಂದ ನಿಮಗೆ ಬಂದ ಆಸ್ತಿಯ ಮಿತಿಯೊಳಗೆ ಮಾತ್ರ; ನಿಮ್ಮ ಸಂಬಳವನ್ನು ಅದು ಮುಟ್ಟುವುದಿಲ್ಲ.

ತಡವಾದುದರ ಬಗ್ಗೆಯೂ ಇರುವುದನ್ನು ಇರುವಂತೆ ಹೇಳುತ್ತೇನೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 128ನೇ ಪ್ರಕರಣದ ಪ್ರಕಾರ, ವಾರಸಿನಿಂದ ಬಂದ ಹಕ್ಕನ್ನು ಮೂರು ತಿಂಗಳೊಳಗೆ ವರದಿ ಮಾಡಬೇಕು. ಆ ಅವಧಿ ಕಳೆದಿದೆ. ಆದರೆ ಖಾತೆ ಬದಲಾಗದಿದ್ದ ಮಾತ್ರಕ್ಕೆ ಹಕ್ಕು ಅಳಿಯುವುದಿಲ್ಲ, ಏಕೆಂದರೆ ಹಕ್ಕು ಹುಟ್ಟುವುದು ಉತ್ತರಾಧಿಕಾರದಿಂದಲೇ ಹೊರತು ಖಾತೆಯಿಂದಲ್ಲ. ತಡದ ನಿಜವಾದ ನಷ್ಟ ಬೇರೆಯದು: ಪಹಣಿಯಲ್ಲಿ ತೀರಿಕೊಂಡವರ ಹೆಸರೇ ಇರುವಾಗ ಬೆಳೆಸಾಲ, ಬೆಳೆವಿಮೆ, ಬೆಳೆಹಾನಿ ಪರಿಹಾರ ಇವೆಲ್ಲ ತೊಡಕಿಗೆ ಸಿಲುಕುತ್ತವೆ. ಅದರ ಕಷ್ಟ ಮೊದಲು ತಟ್ಟುವುದು ಊರಿನಲ್ಲಿರುವ ನಿಮ್ಮ ಅವ್ವನಿಗೆ.

ಇನ್ನು ಅಕ್ಕ-ತಂಗಿಯರ ವಿಷಯ. ಪೌತಿ ಖಾತೆಗಾಗಿ ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ, ಅಂದರೆ ಕುಟುಂಬದವರೆಲ್ಲರ ಹೆಸರಿರುವ ಪತ್ರಕ್ಕೆ, ಅರ್ಜಿ ಕೊಡುವಾಗ, ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರೇಕೆ ಎಂದು ನಿಮಗೆ ಸಲಹೆ ಕೊಡುವವರು ಸಿಗುತ್ತಾರೆ. ದಯವಿಟ್ಟು ಕಿವಿಗೊಡಬೇಡಿ. ತಂದೆಯವರು ಉಯಿಲು ಬರೆದಿಡದಿದ್ದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅವರ ಸ್ವಂತ ಆಸ್ತಿಯಲ್ಲಿ ಅವ್ವನಿಗೂ ಮಕ್ಕಳೆಲ್ಲರಿಗೂ ಸಮಪಾಲಿದೆ. ಪಿತ್ರಾರ್ಜಿತ ಆಸ್ತಿಯಲ್ಲಿಯೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕನ್ನು 2005ರ ತಿದ್ದುಪಡಿ ಕೊಟ್ಟಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಸ್ಪಷ್ಟಪಡಿಸಿದೆ. ಹೆಸರು ಬಿಟ್ಟು ಕೆಲಸ ಬೇಗ ಮುಗಿಸಿದ ಮನೆಗಳಲ್ಲಿ ಮುಂದೆ ದಾವೆಗಳು ಹುಟ್ಟುತ್ತವೆ, ಅದಕ್ಕಿಂತ ಮೊದಲೇ ಮಾತು ನಿಲ್ಲುತ್ತದೆ. ನೀವು ಇಬ್ಬರಿಗೂ ಫೋನು ಮಾಡಿ, “ಅಪ್ಪನ ಹೆಸರಿನ ಜಾಗದಲ್ಲಿ ಅವ್ವನ ಮತ್ತು ನಮ್ಮ ಮೂವರ ಹೆಸರು ಸೇರಿಸುತ್ತಿದ್ದೇನೆ, ನಿಮ್ಮ ಆಧಾರ್ ಪ್ರತಿ ಕಳಿಸಿ” ಎಂದರೆ ಸಾಕು. ಮನಸ್ತಾಪಕ್ಕೆ ಕಾರಣವಾಗುವುದು ಇಂಥ ಮಾತಲ್ಲ, ಮೂರು ವರ್ಷದ ಮೌನ.

ಯಾವ ಕೆಲಸವನ್ನು ಎಂದು, ಎಲ್ಲಿ, ಹೇಗೆ ಮಾಡುವುದೆಂದು ಮೊದಲೇ ಗೊತ್ತುಮಾಡಿಕೊಂಡವರು, ಬರೀ ಮಾಡಬೇಕೆಂದು ನಿಶ್ಚಯಿಸಿದವರಿಗಿಂತ ಹೆಚ್ಚಾಗಿ ಅದನ್ನು ಮುಗಿಸುತ್ತಾರೆಂದು ಮನೋವಿಜ್ಞಾನಿ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ತೋರಿಸಿದರು. ‘ಈ ರಜೆಯಲ್ಲಿ ಮುಗಿಸುತ್ತೇನೆ’ ಎಂಬುದು ಬರೀ ನಿಶ್ಚಯ. ‘ಶನಿವಾರ ಬೆಳಿಗ್ಗೆ ಚಹಾ ಕುಡಿದ ಮೇಲೆ ಪಡಸಾಲೆಯಲ್ಲಿ ಅವ್ವನ ಪಕ್ಕ ಕುಳಿತು ಟ್ರಂಕು ತೆರೆದು, ಮರಣ ಪ್ರಮಾಣಪತ್ರ ಮತ್ತು ಕಂದಾಯ ರಸೀದಿ, ಈ ಎರಡನ್ನು ಮಾತ್ರ ತೆಗೆದಿಡುತ್ತೇನೆ’ ಎಂಬುದು ಯೋಜನೆ. ಉಳಿದ ಕಾಗದಗಳನ್ನು ಅಂದು ಓದಬೇಡಿ. ಅವ್ವ ಜೊತೆಗಿರಲಿ ಎಂದು ಹೇಳಿದ್ದಕ್ಕೆ ಕಾರಣವಿದೆ. ಖಾತೆಯಿಂದ ತಂದೆಯ ಹೆಸರನ್ನು ತೆಗೆಸುವುದೆಂದರೆ ಅವರಿಲ್ಲವೆಂದು ಮತ್ತೊಮ್ಮೆ ಒಪ್ಪಿಕೊಂಡಂತೆ. ನಿಮ್ಮ ಕೈ ಹಿಂಜರಿಯುವುದು ಅದಕ್ಕೂ ಇರಬಹುದು. ಆ ದುಃಖವನ್ನು ಒಬ್ಬರೇ ಹೊರುವ ಅಗತ್ಯವಿಲ್ಲ. ನಿದ್ದೆ, ಊಟ ಕೆಡುವಷ್ಟು ಅದು ಕಾಡುತ್ತಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.

ಕೆಲಸ ಒಂದೇ ಭೇಟಿಗೆ ಮುಗಿಯುತ್ತದೆಂದು ನಾನು ಹೇಳಲಾರೆ. ಪಹಣಿಯಲ್ಲಿ ಒಂದು ಬಗೆಯಾಗಿ, ಮರಣ ಪ್ರಮಾಣಪತ್ರದಲ್ಲಿ ಇನ್ನೊಂದು ಬಗೆಯಾಗಿ ತಂದೆಯವರ ಹೆಸರಿದ್ದರೆ ಅರ್ಜಿ ಅಲ್ಲೇ ನಿಲ್ಲಬಹುದು. ಹಾಗೆ ನಿಂತಾಗಲೇ ಅನೇಕರು ಮತ್ತೆ ವರ್ಷಗಟ್ಟಲೆ ಕೈಬಿಡುತ್ತಾರೆ. ಅಂದು ಗ್ರಾಮ ಆಡಳಿತ ಅಧಿಕಾರಿಯಿಂದ ಯಾವ ದಾಖಲೆ ಬೇಕೆಂದು ಬರೆಸಿಕೊಂಡು, ಅದನ್ನು ತಂದುಕೊಡುವ ದಿನವನ್ನು ಅಲ್ಲಿಯೇ ಗೊತ್ತುಮಾಡಿಕೊಂಡು ಹೊರಡಿ.