ಸೋಲಾಪುರದಿಂದ ಬಂದು ಪುಣೆಯ ಜೈಲಿನಲ್ಲಿ ಗಾರ್ಡ್ ಆಗಿರುವ ನನ್ನ ತಮ್ಮ, ಸೋಂಕು ಹರಡಿದಾಗ ಯಾವ ರಕ್ಷಣೆ ಕೇಳಬೇಕು?

ಮೊದಲು ಗಾಳಿಯ ಬಗ್ಗೆ ಯೋಚಿಸಿ. ಕೋವಿಡ್, ಟಿಬಿ, ಫ್ಲೂ ಎಲ್ಲವೂ ಕಿಕ್ಕಿರಿದ ಬ್ಯಾರಕ್‌ನಲ್ಲಿ ಬೇಗ ಹರಡುತ್ತವೆ. 2020ರ ಮೇ ತಿಂಗಳಲ್ಲಿ ಮುಂಬೈನ ಆರ್ಥರ್ ರೋಡ್ ಜೈಲಿನಲ್ಲಿ ಕೈದಿಗಳ ಜೊತೆ ಸಿಬ್ಬಂದಿಗೂ ಕೋವಿಡ್ ಬಂತು. ಅಲ್ಲಿ ಇರಬೇಕಾದದ್ದಕ್ಕಿಂತ ಎಷ್ಟೋ ಜಾಸ್ತಿ ಜನ ಇದ್ದರು. ಹಾಗಾಗಿ ಬಟ್ಟೆ ಮಾಸ್ಕ್ ಸಾಲದು. ಮುಖಕ್ಕೆ ಸರಿಯಾಗಿ ಕೂರುವ ಎನ್-95 ಬೇಕು. ಗಡ್ಡ ಇದ್ದರೆ ಮಾಸ್ಕ್‌ನ ಅಂಚಿನಿಂದಲೂ ಗಾಳಿ ನುಗ್ಗುತ್ತದೆ.

ಒಬ್ಬರಿಗೆ ಒಂದೇ ಬ್ಯಾರಕ್ ಡ್ಯೂಟಿ ಕೊಟ್ಟರೆ ಸೋಂಕು ದಾಟುವುದು ಕಡಿಮೆ. ಯೂನಿಫಾರ್ಮ್ ಅಲ್ಲೇ ಬದಲಿಸಿ ಬರಲಿ, ಮನೆಯಲ್ಲಿ ವಯಸ್ಸಾದವರು ಇರುತ್ತಾರಲ್ವಾ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಜ್ವರ ಬಂದಾಗ ಸಂಬಳ ಕಡಿತವಿಲ್ಲದ ರಜೆ. ಅದಿಲ್ಲದಿದ್ದರೆ ಜನ ಮಾತ್ರೆ ನುಂಗಿ ಡ್ಯೂಟಿಗೆ ಬಂದೇ ಬರುತ್ತಾರೆ. ಅರ್ಜಿ ಮರಾಠಿಯಲ್ಲಿ ಬರೆದು ಕೊಟ್ಟು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಲಿ.