ಶಿಫ್ಟ್ ಕೆಲಸದ ನಡುವೆ ನೀಲಗಿರಿ ಎಲೆಯಚ್ಚು

ಮೆಲ್ಬರ್ನ್‌ಗೆ ಓದಲು ಬಂದಿದ್ದೀರಿ, ವಾರಕ್ಕೆ ಮೂರು ದಿನ ಕೆಫೆ ಶಿಫ್ಟ್ ಇದೆ, ಉಳಿದ ಹೊತ್ತಲ್ಲಿ ಬಟ್ಟೆ ಮೇಲೆ ಎಲೆಯಚ್ಚು ಹಾಕಿ ಸ್ಟೋಲ್ ಮಾರಬಹುದಾ ಅಂತ ಕೇಳಿದ್ದೀರಿ. ಮಾರಬಹುದು. ಆದರೆ ಊರಿಂದ ತಂದ ಕಾಟನ್ ದುಪಟ್ಟಾಗಳನ್ನು ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇಡಿ. ಹತ್ತಿಗೆ ಮೊದಲು ಸೋಯಾ ಹಾಲು ಕುಡಿಸಿ ಒಣಗಿಸಬೇಕು, ಅದೂ ಎರಡು ಮೂರು ಸಲ. ಉಣ್ಣೆ, ರೇಷ್ಮೆಗೆ ಆ ತಾಪತ್ರಯವಿಲ್ಲ, ನೀಲಗಿರಿ ಬಣ್ಣ ನೇರವಾಗಿ ಹತ್ತುತ್ತದೆ. ಆಪ್ ಶಾಪ್‌ಗಳಲ್ಲಿ (ದಾನವಾಗಿ ಬಂದ ಹಳೇ ಸಾಮಾನು ಮಾರುವ ಅಂಗಡಿ) ಹಳೇ ಉಣ್ಣೆ ಕಂಬಳಿ ಹುಡುಕಿ. ಅಕ್ರಿಲಿಕ್ ಬೆರೆತದ್ದು ಬೇಡ, ಅದಕ್ಕೆ ಈ ಬಣ್ಣ ಹಿಡಿಯುವುದಿಲ್ಲ.

ಎಲೆ ಯಾವುದು ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ನಮ್ಮ ಕೋಲಾರದ ತೋಪುಗಳ ಉದ್ದೆಲೆ ನೀಲಗಿರಿ ಅಲ್ಲ. ದುಂಡಗೆ, ಬೂದಿ ಬಳಿದಂತಿರುವ ಸಿಲ್ವರ್ ಡಾಲರ್ ಗಮ್ ಅನ್ನುವ ನೀಲಗಿರಿ ಜಾತಿಯ ಎಲೆ ಬೇಕು. ಉಣ್ಣೆ ಮೇಲೆ ಕಿತ್ತಳೆಯಿಂದ ಇಟ್ಟಿಗೆ ಕೆಂಪಿನವರೆಗೂ ಬರುತ್ತದೆ. ಹೂವಿನಂಗಡಿಯಲ್ಲಿ ಬಾಡಿದ ಕಟ್ಟು ಕೇಳಿ ನೋಡಿ, ಒಣಗಿದ್ದರೂ ನಡೆಯುತ್ತದೆ. ನ್ಯಾಷನಲ್ ಪಾರ್ಕ್‌ನಲ್ಲಿ ಮಾತ್ರ ಒಂದೆಲೆಯನ್ನೂ ಕೀಳಬೇಡಿ.

100 ಗ್ರಾಂ ಬಟ್ಟೆಗೆ ಹೆಚ್ಚುಕಡಿಮೆ ಅಷ್ಟೇ ತೂಕದ ಎಲೆ. ಬಟ್ಟೆಯನ್ನು ರಾತ್ರಿಯಿಡೀ ನೆನೆಸಿ, ನೀರು ತೊಟ್ಟಿಕ್ಕದಷ್ಟು ಹಿಂಡಿ, ಎಲೆ ಹರಡಿ, ಮರದ ಕೋಲಿಗೆ ಸುತ್ತಿ ದಾರದಿಂದ ಬಿಗಿಯಿರಿ. ಅಚ್ಚು ಕೆಡುವುದು ಹೆಚ್ಚಾಗಿ ಇಲ್ಲೇ: ಎಲೆಗೂ ಬಟ್ಟೆಗೂ ನಡುವೆ ಸಂದು ಉಳಿದರೆ ಅಂಚು ಮೂಡದೆ ಬರೀ ಕಲೆಯಾಗುತ್ತದೆ. ದಾರ ಬೆರಳಿಗೆ ಕೊರೆಯುವಷ್ಟು ಎಳೆದಿದ್ದರೆ ಸರಿಯಾಗಿದೆ ಅಂತ ಲೆಕ್ಕ. ಎರಡು ಗಂಟೆ ಹಬೆಯಲ್ಲಿ ಬೇಯಿಸಿ, ಒಲೆ ಆರಿಸಿ, ಮುಚ್ಚಳ ತೆಗೆಯದೆ ಬಿಡಿ. ಬಿಸಿ ಉಣ್ಣೆಯನ್ನು ತಣ್ಣೀರಿಗೆ ಹಾಕಿ ಉಜ್ಜಿದರೆ ಕುಗ್ಗಿ ಗಂಟುಕಟ್ಟುತ್ತದೆ. ಸಂಜೆ ಕಟ್ಟಿ ಬೇಯಿಸಿಟ್ಟು ಮರುದಿನ ಶಿಫ್ಟ್ ಮುಗಿಸಿ ಬಂದು ಬಿಚ್ಚಬಹುದು. ಶಿಫ್ಟ್ ಬದುಕಿಗೆ ಇದಕ್ಕಿಂತ ಹೊಂದುವ ಕಸುಬು ಕಡಿಮೆ.

ಕಪ್ಪು ಗೆರೆ ಬೇಕಿದ್ದರೆ ತುಕ್ಕು ಹಿಡಿದ ಮೊಳೆಗಳನ್ನು ವಿನೆಗರ್ ಬೆರೆಸಿದ ನೀರಲ್ಲಿ ವಾರ ನೆನೆಸಿ, ಆ ನೀರಿನ ಒಂದೆರಡು ಚಮಚವನ್ನು ಲೀಟರ್ ನೀರಿಗೆ ಹಾಕಿ. ಅದ್ದಬೇಕಾದ್ದು ಎಲೆಯನ್ನು, ಬಟ್ಟೆಯನ್ನಲ್ಲ. ಕಬ್ಬಿಣ ಹೆಚ್ಚಾದರೆ ಎಳೆ ಒರಟಾಗಿ ಕಾಲಕ್ರಮೇಣ ಹರಿಯುತ್ತದೆ.

ಅನ್ನ ಮಾಡುವ ಪಾತ್ರೆ ಇದಕ್ಕೆ ಬಳಸಬೇಡಿ, ಬೇರೆಯದೇ ಇಡಿ. ಬಾಡಿಗೆ ಮನೆಯಾದರೆ ಬಾಲ್ಕನಿಯಲ್ಲಿ ಹಾಟ್‌ಪ್ಲೇಟ್ ಇಟ್ಟುಕೊಳ್ಳಿ: ನೀಲಗಿರಿ ಹಬೆ ಕಣ್ಣು ಉರಿಸುತ್ತದೆ, ಕಲ್ಲಿನ ಕಟ್ಟೆ ಮೇಲೆ ಕಲೆ ಬಿದ್ದರೆ ಬಾಂಡ್ ದುಡ್ಡಿಗೆ (ಮನೆಗೆ ಕೊಟ್ಟ ಮುಂಗಡ ಠೇವಣಿ) ಕತ್ತರಿ. ಊರಿಂದ ಬೇರು, ಬೀಜ, ಒಣ ಹೂ ತರಿಸುವ ಯೋಚನೆಯನ್ನೂ ಬಿಡಿ, ಹೊರಗಿನಿಂದ ಬರುವ ಗಿಡ, ಬೀಜ ತಪಾಸಣೆ ಮಾಡುವ ಬಯೋಸೆಕ್ಯುರಿಟಿಯವರು ಹಿಡಿಯುತ್ತಾರೆ.

ಇನ್ನು ಗಂಟೆ ಲೆಕ್ಕ. 2023ರ ಜುಲೈ 1ರಿಂದ ಸ್ಟೂಡೆಂಟ್ ವೀಸಾದಲ್ಲಿ ತರಗತಿ ನಡೆಯುವಾಗ 14 ದಿನಕ್ಕೆ 48 ಗಂಟೆ ಕೆಲಸದ ಮಿತಿ. ಎಬಿಎನ್ (ಸ್ವಂತ ವ್ಯಾಪಾರಕ್ಕೆ ಪಡೆಯುವ ನೋಂದಣಿ ಸಂಖ್ಯೆ) ತೆಗೆದು ಸ್ಟಾಲ್ ಹಾಕಿದರೆ ಆ ಗಂಟೆಗಳೂ ಅದರೊಳಗೇ. ಯಾವ ಸೋಮವಾರದಿಂದ ಎಣಿಸಿದರೂ ಲೆಕ್ಕ ಸರಿಯಿರಬೇಕು. ಮೊದಲ ವಾರ 15, ಎರಡನೆಯದು 33, ಮೂರನೆಯದು 20 ಅಂತಾದರೆ, ಮೊದಲೆರಡು ವಾರ ಸೇರಿ 48 ಸರಿಹೋಯಿತು. ಎರಡು–ಮೂರು ಸೇರಿದರೆ 53, ಮಿತಿ ಮೀರಿತು. ಸ್ಟಾಲ್ ಇರುವ ವಾರ ಒಂದು ಶಿಫ್ಟ್ ಬಿಟ್ಟುಕೊಡಿ.